ಹುಬ್ಬಳ್ಳಿ ಕೋರ್ಟಿನ ಉಚಿತ ವಕೀಲರ ಸೇವೆ: ಐದಕ್ಕೆ ಐದು

ಫ್ರೀ ವಕೀಲರು ಅಂದ್ರೆ ಸುಮ್ನೆ ಹೆಸರಿಗೆ ಇರುತ್ತಾರೆ ಅಂತ ನಾವೂ ಅಂದುಕೊಂಡಿದ್ದೆವು. ನನ್ನ ತಮ್ಮ ಕೆಲಸಕ್ಕಿದ್ದ ಅಂಗಡಿಯ ಗಲ್ಲಾದಿಂದ ದುಡ್ಡು ಹೋಯಿತು, ಅವನ ಹೆಸರು ಬಂತು, ಒಳಗೆ ಹಾಕಿದರು. ಮೊದಲು ಫೀಸು ಕೊಟ್ಟು ಹಿಡಿದ ವಕೀಲರು "ಅವನು ಕದ್ದಿಲ್ಲ ಅನ್ನೋದಕ್ಕೆ ಪುರಾವೆ ತನ್ನಿ" ಅಂದರು. ಎರಡು ವಾರ ಅದಕ್ಕೇ ಅಲೆದೆವು. ಅವತ್ತು ಅವನು ನವಲಗುಂದಕ್ಕೆ ಹೋಗಿದ್ದ. ಅವ್ವ ಅಂಗಿ ಜೇಬಿನಲ್ಲಿದ್ದ ಬಸ್ ಟಿಕೆಟ್ ತೆಗೆದಿಟ್ಟಿದ್ದಳು.

ದುಡ್ಡು ಖಾಲಿಯಾದ ಮೇಲೆ ತಿಮ್ಮಸಾಗರದ ಕೋರ್ಟಿನಲ್ಲಿ ಕಾನೂನು ನೆರವಿಗೆ ಅರ್ಜಿ ಕೊಟ್ಟೆವು. ನೇಮಿಸಿಕೊಟ್ಟ ವಕೀಲರು ಒಬ್ಬ ಮೇಡಂ. ಮೊದಲ ದಿನವೇ ಹೇಳಿದರು: "ಕದ್ದಿಲ್ಲ ಅಂತ ನೀವು ಸಾಬೀತು ಮಾಡೂದು ಇಲ್ರಿ. ಕದ್ದಾನ ಅಂತ ಸರ್ಕಾರಿ ವಕೀಲರು ಸಾಬೀತು ಮಾಡಬೇಕು." ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇದು 101ನೇ ಕಲಂ, 2024ರ ಜುಲೈನಿಂದ ಬಂದ ಹೊಸದರಲ್ಲಿ 104. ಅಷ್ಟು ದಿನ ಎದೆ ಮೇಲಿದ್ದ ಕಲ್ಲು ಆ ಮಾತಿಗೇ ಇಳಿಯಿತು.

ಟಿಕೆಟ್ ತೋರಿಸಿದಾಗ ಅವರು ಖುಷಿಪಡಲಿಲ್ಲ. ಬೇರೆ ಊರಲ್ಲಿದ್ದೆ ಅಂತ ನಾವಾಗಿ ಹೇಳಿದರೆ ಅದನ್ನು ತೋರಿಸುವ ಹೊರೆ ಮಾತ್ರ ನಮ್ಮ ಮೇಲೇ ಬರುತ್ತದಂತೆ, ಟಿಕೆಟ್ ಮೇಲೆ ಯಾರ ಹೆಸರೂ ಇರುವುದಿಲ್ಲ ಅಲ್ವಾ. ಅದನ್ನು ಪಕ್ಕಕ್ಕಿಟ್ಟು ಸರ್ಕಾರಿ ವಕೀಲರ ಸಾಕ್ಷಿಗಳನ್ನೇ ಹಿಡಿದರು. ಪಾಟೀಸವಾಲಿನಲ್ಲಿ ಒಬ್ಬ ಪಂಚ (ಪೊಲೀಸರ ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕುವವನು), ಮೊದಲೇ ಬರೆದಿಟ್ಟ ಪಂಚನಾಮೆಗೆ ಠಾಣೆಯಲ್ಲೇ ಸಹಿ ಹಾಕಿದೆ ಅಂದ. ಸಿಸಿಟಿವಿಯಲ್ಲಿ ಕಂಡದ್ದು ಟೋಪಿ ಹಾಕಿದವನ ಬೆನ್ನು. ಪೊಲೀಸರ ಮುಂದೆ ತಮ್ಮ ಒಪ್ಪಿಕೊಂಡ ಅನ್ನುವ ಹೇಳಿಕೆಯನ್ನು ಅವನ ವಿರುದ್ಧ ಸಾಕ್ಷಿಯಾಗಿ ಬಳಸಲು ಬರುವುದಿಲ್ಲ ಅಂತಲೂ ವಾದಿಸಿದರು. ಸಾಕ್ಷ್ಯಕ್ಕೆ ಎರಡು ಅರ್ಥ ಹೊರಟರೆ ಆರೋಪಿ ಕಡೆಯದನ್ನೇ ಒಪ್ಪಬೇಕು ಅಂತ 1973ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಕಾಳಿ ರಾಮ್ ಕೇಸಿನಲ್ಲಿ. ತಮ್ಮ ಖುಲಾಸೆ ಆದ. ನಮ್ಮಿಂದ ಒಂದು ರೂಪಾಯಿ ಫೀಸು ತೆಗೆದುಕೊಳ್ಳಲಿಲ್ಲ.

ಓಣಿಯಲ್ಲಿ ಈಗಲೂ "ಸಂಶಯದ ಲಾಭದಾಗ ಬಿಟ್ಟಾರಂತ" ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಸಾಬೀತಾಗುವವರೆಗೆ ಅವನು ನಿರಪರಾಧಿ, ಸಾಬೀತು ಆಗಲೇ ಇಲ್ಲ, ಅಂದಮೇಲೆ ಅವನು ಮೊದಲ ದಿನದಿಂದಲೂ ನಿರಪರಾಧಿಯೇ.

ಎಲ್ಲಾ ಕೇಸಿಗೂ ಇದೇ ಲೆಕ್ಕ ಅಂತ ಹೋಗಬೇಡಿ. ಚೆಕ್ ಬೌನ್ಸ್ ತರಹದ ಕೇಸುಗಳಲ್ಲಿ ಕಾನೂನು ಕೆಲವು ಸಂಗತಿಗಳನ್ನು ಆರೋಪಿ ವಿರುದ್ಧವೇ ಊಹಿಸಿಕೊಳ್ಳುತ್ತದೆ, ವಕೀಲರನ್ನು ಕೇಳಿ.

ಕಸ್ಟಡಿಯಲ್ಲಿದ್ದವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಈ ನೆರವು ಸಿಗುತ್ತದೆ. ಸಹಾಯವಾಣಿ 15100. ಹೋಗುವಾಗ ಎಫ್‌ಐಆರ್ ಪ್ರತಿ, ಚಾರ್ಜ್‌ಶೀಟ್ ಆಗಿದ್ದರೆ ಅದರದ್ದೂ ಪ್ರತಿ ಒಯ್ಯಿರಿ.