ಆರು ಮಳೆಗಾಲ ಕಂಡ ಅಟ್ಟದ ಫೋಮ್

ತೀರ್ಥಹಳ್ಳಿ ಹತ್ತಿರ ನಮ್ಮದು ಹಳೇ ಹಂಚಿನ ಮನೆ. ಮಂಗನ ಕಾಟ ಒಂದು ಕಡೆ, ವರ್ಷಾ ವರ್ಷ ಹಂಚು ಕೈಯಾಡಿಸಲು ಜನ ಸಿಗದ ಕಷ್ಟ ಇನ್ನೊಂದು ಕಡೆ. 2018ರ ಬೇಸಿಗೆಯಲ್ಲಿ ಹಂಚು ಇಳಿಸಿ ಶೀಟು ಹಾಕಿಸಿದೆವು.

ಸೋರುವುದು ನಿಂತಿತು ಅಂದುಕೊಂಡರೆ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಅಡಿಕೆ ಮೂಟೆಗಳೆಲ್ಲ ಒದ್ದೆ. "ಅಟ್ಟದೊಳಗೇ ಮಳೆ ಬಂತಲ್ಲೋ ಮಾರಾಯ" ಅಂತ ಅಮ್ಮ. ಹತ್ತಿ ನೋಡಿದೆ, ಶೀಟಿನಲ್ಲಿ ಒಂದು ತೂತೂ ಇಲ್ಲ. ರಾತ್ರಿ ಶೀಟು ತಣ್ಣಗಾಗಿ ಒಳಮೈ ಬೆವರಿತ್ತು, ಅಷ್ಟೇ. ಏಪ್ರಿಲ್ ಬಂದಾಗ ಇನ್ನೊಂದು ಕಥೆ. ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿದ್ದ ಬಿಸಿಗಾಳಿಗೆ ಈಗ ದಾರಿಯೇ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಥರ್ಮಾಮೀಟರ್ ಇಟ್ಟರೆ 47 ಡಿಗ್ರಿ.

ಯೂಟ್ಯೂಬಿನಲ್ಲಿ ಅಮೆರಿಕದವರು ಆರ್-ವ್ಯಾಲ್ಯೂ (ಶಾಖ ತಡೆಯುವ ಶಕ್ತಿಯ ಅಳತೆ) 38, 49 ಅಂತ ಅಟ್ಟದ ತುಂಬಾ ಉಣ್ಣೆಯಂಥ ವಸ್ತು ಸುರಿಯುತ್ತಾರೆ. ಅವರಿಗೆ ಹಿಮದ ಕಾಲದಲ್ಲಿ ಮನೆಯ ಬಿಸಿ ಹೊರಗೆ ಹೋಗಬಾರದು. ನಮ್ಮ ಲೆಕ್ಕ ಬೇರೆ. ಬಿಸಿಲು ಎರಡು ಮೂರು ತಿಂಗಳು, ಮಳೆಯ ತೇವ ನಾಲ್ಕು ತಿಂಗಳು. ಇದು ನನಗೆ ಆಗ ಹೊಳೆಯಲಿಲ್ಲ. 2019ರ ಮೇನಲ್ಲಿ ಅರ್ಧ ಅಟ್ಟಕ್ಕೆ ಗ್ಲಾಸ್ ವೂಲ್ (ಗಾಜಿನ ಎಳೆಗಳ ಉಣ್ಣೆ), ಇನ್ನರ್ಧಕ್ಕೆ 10 ಮಿ.ಮೀ. ಎಕ್ಸ್‌ಎಲ್‌ಪಿಇ ಫೋಮ್ (ಒಂದು ಮೈಗೆ ಹೊಳೆಯುವ ಹಾಳೆ ಅಂಟಿಸಿದ ಪ್ಲಾಸ್ಟಿಕ್ ಫೋಮ್) ಹಾಕಿಸಿದೆ.

ಗ್ಲಾಸ್ ವೂಲ್ ಒಂದೇ ಮಳೆಗಾಲಕ್ಕೆ ಸೋತಿತು. ಒಂದು ಸ್ಕ್ರೂ ತೂತಿನಿಂದ ಇಳಿದ ನೀರು ಕುಡಿದು, ನೆನೆದ ಕಂಬಳಿ ಹಾಗೆ ಜೋತುಬಿತ್ತು. ಎಳೆಗಳ ನಡುವೆ ನಿಂತ ಗಾಳಿಯೇ ಅದರ ಬಂಡವಾಳ. ಅಲ್ಲಿ ನೀರು ಸೇರಿದರೆ ಮುಗೀತು. ಕಿತ್ತು ತೆಗೆಯುವಾಗ ಒಳಗೆ ಇಲಿ ಗೂಡು, ಕಣ್ಣು ಬಿಡದ ಐದು ಮರಿ. ಎರಡು ದಿನ ನನಗೆ ಮೈಯೆಲ್ಲ ತುರಿಕೆ.

ಫೋಮ್ ನೀರು ಕುಡಿಯುವುದಿಲ್ಲ. ಮುಂದಿನ ಬೇಸಿಗೆಯೊಳಗೆ ಪೂರ್ತಿ ಅಟ್ಟಕ್ಕೆ ಅದೇ ಆಯಿತು. ಶೀಟು ಮೊದಲೇ ಕೂತಿದ್ದರಿಂದ ಕೆಳಗಿನಿಂದ ಕಟ್ಟಿಸಬೇಕಾಯಿತು. ಶೀಟಿಗೂ ಫೋಮಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟು, ಫೋಮಿನ ಕೆಳಗೆ ಆಸರೆಗೆ ಕೋಳಿ ಜಾಲರಿ. ಕೆಲಸದವರು ಹೊಳೆಯುವ ಮೈಯನ್ನು ಶೀಟಿಗೇ ಒತ್ತಿ ಕೂರಿಸಲು ಹೊರಟಿದ್ದರು, ತಡೆದೆ. ಆ ಹೊಳಪು ಕೆಲಸ ಮಾಡುವುದು ಎದುರಿಗೆ ಗಾಳಿ ಇದ್ದರೆ ಮಾತ್ರ. ಕೆಳಮುಖ ಮಾಡಿಸಿದೆ, ಧೂಳೂ ಕೂರುವುದಿಲ್ಲ ಅಂತ.

ಈಗ ಅದೇ ಏಪ್ರಿಲ್ ಮಧ್ಯಾಹ್ನ 39 ಡಿಗ್ರಿ. ತಂಪು ಅಂತ ಹೇಳಲಾರೆ, ಆದರೆ ನಿಂತು ಕೆಲಸ ಮಾಡಬಹುದು. ಶೀಟು ಈಗಲೂ ಸ್ವಲ್ಪ ಬೆವರುತ್ತದೆ. ಹನಿ ಫೋಮ್ ಮೇಲೆ ಜಾರಿ ಸೂರಿನ ಅಂಚಿಗೆ ಹೋಗುತ್ತದೆ, ಅಡಿಕೆಗೆ ತಾಗುವುದಿಲ್ಲ. ಕೆಳಗಿನ ಕೋಣೆ ತಂಪಾಗಿರುವುದರಲ್ಲಿ ಅರ್ಧ ಪಾಲು ಅಜ್ಜನ ಕಾಲದ ಮುಚ್ಚಿಗೆಯದು. ಹಲಗೆ ಮೇಲೆ ಆರು ಇಂಚು ಮಣ್ಣು ಇದೆ. ಪಕ್ಕದ ಮನೆಯವರು ಭಾರ ಅಂತ ಆ ಮಣ್ಣು ತೆಗೆಸಿ ಈಗ ಕೂಲರ್ ತಂದಿದ್ದಾರೆ.

ಮಳೆ ಸದ್ದು ಕಡಿಮೆಯಾಗುತ್ತದೆ ಅಂತ ಅಂಗಡಿಯವರು ಹೇಳಿದ್ದು ಮಾತ್ರ ಪೂರ್ತಿ ನಿಜವಲ್ಲ. ಆಷಾಢದ ಮಳೆಗೆ ಶೀಟೇ ತಮಟೆ. ಹಗುರ ಫೋಮ್ ಅದನ್ನು ಎಷ್ಟು ಅಂತ ತಡೆಯುತ್ತೆ? ಟಿವಿ ಇವತ್ತಿಗೂ ಕೇಳಿಸುವುದಿಲ್ಲ.

ಬಚ್ಚಲೊಲೆ ಮೇಲಿನ ಭಾಗ ಹೊಗೆಗೆ ಕಪ್ಪಾಗಿದೆ, ಅಲ್ಲಿ ಹೊಳಪೂ ಇಲ್ಲ, ಲಾಭವೂ ಕಡಿಮೆ. ಫೋಮ್ ಬೆಂಕಿ ಹಿಡಿಯುವ ವಸ್ತು, ಹೊಗೆಗೂಡಿನ ಸುತ್ತ ಎರಡು ಅಡಿ ಖಾಲಿ ಬಿಡಿಸಿದ್ದೇನೆ. ಅಂಚುಗಳನ್ನು ಇಲಿ ಕಡಿದಿದೆ, ಆದರೆ ಗೂಡು ಕಟ್ಟಿಲ್ಲ. ಹೊಸದಾಗಿ ಶೀಟು ಹಾಕಿಸುವವರು ಮೊದಲೇ ಫೋಮ್ ಹಾಸಿ ಅದರ ಮೇಲೆ ಶೀಟು ಕೂರಿಸಿ. ಕೂಲಿ ಉಳಿಯುತ್ತದೆ, ಬೆವರೂ ಕಡಿಮೆ.

ದೊಡ್ಡ ಕಿರಿಕಿರಿ ಅಂದರೆ ಜೋಡಣೆಯ ಅಲ್ಯೂಮಿನಿಯಂ ಟೇಪು. ಎರಡನೇ ಮಳೆಗಾಲಕ್ಕೇ ಥಂಡಿಗೆ ಅಂಟು ಬಿಟ್ಟು ನೇತಾಡತೊಡಗಿತು. ಅಲ್ಲಿಂದ ಪ್ರತಿ ಮೇ ಕೊನೆಗೆ ಒಂದು ಬಟ್ಟೆ, ಒಂದು ರೋಲು ಟೇಪು ಹಿಡಿದು ಅಟ್ಟ ಹತ್ತುತ್ತೇನೆ. ಈ ಸಲ ನಾಲ್ಕು ಕಡೆ ಬಿಟ್ಟಿತ್ತು.