ಕಿವಿ ಮಷಿನ್ ಕೊಳ್ಳೋಕೆ ಹೋದರೆ ನಿಮ್ಮ ಫೋನ್ ಜೊತೆಗಿರಲಿ

ಬಾಗಲಕೋಟೆ ನವನಗರದ ಒಂದು ಅಂಗಡಿಯಲ್ಲಿ ಅವ್ವನಿಗೆ ಬ್ಲೂಟೂತ್ ಇರೋ ಕಿವಿ ಮಷಿನ್ ಕೊಡಿಸಿದೆವು. ಮಷಿನ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹಿತ್ತಲಲ್ಲಿದ್ದಾಗ ಕರೆದರೂ ಅವ್ವ ಓಗೊಡುತ್ತಾಳೆ. ನನ್ನ ತಕರಾರೆಲ್ಲ ಅಂಗಡಿಯವರ ಮೇಲೆ. ಫೋನ್ ಬಂದರೆ ನೇರ ಕಿವಿಯಲ್ಲೇ ಕೇಳುತ್ತೆ ಅಂತ ತಮ್ಮ ಫೋನಿನಲ್ಲಿ ತೋರಿಸಿ ಮಾರಿದರು, ಅವ್ವನ ಹತ್ತಿರ ಯಾವ ಫೋನ್ ಇದೆ ಅಂತ ಒಂದು ಮಾತೂ ಕೇಳಲಿಲ್ಲ. ಮನೆಗೆ ಬಂದು ನೋಡಿದರೆ ಅವಳ ಫೋನಿಗೆ ಅದು ಕನೆಕ್ಟೇ ಆಗಲಿಲ್ಲ!

ಇಯರ್‌ಬಡ್ ನಡೆಯೋ ಫೋನಿನಲ್ಲೆಲ್ಲ ಕಿವಿ ಮಷಿನ್ ನಡೆಯುತ್ತೆ ಅಂತೇನಿಲ್ಲ. ಕೆಲವು ಮಷಿನ್ ಮಾಮೂಲಿ ಬ್ಲೂಟೂತ್‌ನಲ್ಲೇ ಓಡುತ್ತವೆ. ಇನ್ನು ಕೆಲವಕ್ಕೆ ಐಫೋನೇ ಬೇಕು, ಇಲ್ಲವೇ ಫೋನಿನ ಸದ್ದನ್ನು ನೇರ ಕಿವಿ ಮಷಿನ್‌ಗೆ ಕಳಿಸೋ ಆಶಾ (ASHA) ಅನ್ನೋ ವ್ಯವಸ್ಥೆ ಇರೋ ಆಂಡ್ರಾಯ್ಡ್ ಬೇಕು. ಅದು ಬಂದಿದ್ದು 2019ರ ಆಂಡ್ರಾಯ್ಡ್ 10ರಲ್ಲಿ, ಅದೂ ಫೋನ್ ಕಂಪನಿ ಆ ಮಾಡೆಲ್‌ಗೆ ಕೊಟ್ಟಿದ್ದರೆ ಮಾತ್ರ. ಮಾರೋರಿಗೆ ಇಷ್ಟು ಗೊತ್ತಿರಬೇಕಲ್ವಾ? ದುಡ್ಡು ಎಣಿಸೋ ಮೊದಲು ನಿಮ್ಮ ಫೋನಿನಿಂದಲೇ ಅಲ್ಲೇ ಒಂದು ಕಾಲ್ ಮಾಡಿಸಿ ನೋಡಿ.

ಕೊನೆಗೆ ನನ್ನ ಫೋನನ್ನೇ ಅವ್ವನಿಗೆ ಕೊಟ್ಟೆ. ಈಗ ಇಳಕಲ್‌ನಿಂದ ಅಕ್ಕ ಫೋನ್ ಮಾಡಿದರೆ ಎರಡೂ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತೆ, ರೊಟ್ಟಿ ಬಡಿಯುತ್ತಲೇ ಮಾತಾಡುತ್ತಾಳೆ. ಒಂದು ವಿಷಯ ಮಾತ್ರ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ: ಕೇಳೋದು ಮಷಿನ್‌ನಲ್ಲಾದರೂ ಅವ್ವನ ಮಾತು ಹೋಗೋದು ಫೋನಿನ ಮೈಕ್‌ನಿಂದಲೇ. ಫೋನ್ ಪಡಸಾಲೆಯಲ್ಲಿಟ್ಟು ಒಲೆ ಮುಂದೆ ಕೂತರೆ ಅಕ್ಕ ಆ ಕಡೆಯಿಂದ "ಯವ್ವಾ, ಏನೂ ಕೇಳವಲ್ದು" ಅಂತಿರುತ್ತಾಳೆ. ಹಿಟ್ಟಿನ ಪರಾತದ ಪಕ್ಕದಲ್ಲೇ ಇಟ್ಟುಕೊಂಡರೆ ಸರಿಹೋಗುತ್ತೆ. ಫೋನ್ ಮಾತು ಜಾಸ್ತಿಯಾದಷ್ಟು ಮಷಿನ್‌ನ ಸೆಲ್ ಬೇಗ ಖಾಲಿ, ಆ ಖರ್ಚು ಲೆಕ್ಕದಲ್ಲಿರಲಿ.

ಮೆಚ್ಚಬೇಕಾದದ್ದು ಆ ಅಂಗಡಿಯಲ್ಲಿ ಕಿವಿ ಪರೀಕ್ಷೆ ಮಾಡೋ ಆಡಿಯಾಲಜಿಸ್ಟ್ ಮೇಡಂ ಅವರನ್ನು. ನಮ್ಮ ಕಾಕಾ ಬಟನ್ ಫೋನಿನವರು, ಕಿವಿ ಹಿಂದಿನ ಸಾದಾ ಮಷಿನ್. ಫೋನ್ ಹಚ್ಚಿದ ಕೂಡಲೇ ಸೀಟಿ ಹೊಡೆಯುತ್ತಿತ್ತು. ಮೇಡಂ ಕಾಕಾನ ಕೈ ಹಿಡಿದು, ಫೋನನ್ನು ಕಿವಿ ತೂತಿನ ಮೇಲಲ್ಲ, ಸ್ವಲ್ಪ ಮೇಲಕ್ಕೆ ಸರಿಸಿ ಮಷಿನ್‌ನ ಮೈಕ್ ಹತ್ತಿರ, ಒತ್ತದೆ ಹಿಡಿಯೋದನ್ನು ತಾಳ್ಮೆಯಿಂದ ಕಲಿಸಿದರು. ಸೀಟಿ ನಿಂತಿತು. ಫೋನಿನಲ್ಲಿ ಮಾತಾಡುವಾಗ ಗುಂಯ್ ಅನ್ನೋ ಸದ್ದೂ ಬರುತ್ತಿತ್ತು, ಅದಕ್ಕೂ ಮಷಿನ್ ಕೆಟ್ಟಿಲ್ಲ ಅಂದರು. 2ಜಿ ಫೋನ್ ಸೆಕೆಂಡಿಗೆ 217 ಸಲ ಸಿಗ್ನಲ್ ಬಿಟ್ಟು ಬಿಟ್ಟು ಕಳಿಸೋದರಿಂದ ಅದು ಬರೋದಂತೆ, 4ಜಿ ಕಾಲ್‌ನಲ್ಲಿ ತುಂಬಾ ಕಡಿಮೆಯಂತೆ. ಕಾಕಾಗೆ ಈಗ 4ಜಿ ಬಟನ್ ಫೋನ್ ಹುಡುಕುತ್ತಿದ್ದೇನೆ. ಈ ಸಲ ಕಾಕಾನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಮಷಿನ್ ಹಾಕಿಸಿಯೇ ಆರಿಸೋದು.