ಕೌಲ್ ಬಜಾರಿನ ಅಂಬಲಿ ಬಂಡಿ: ರಾತ್ರಿ ಜಾಸ್ತಿ ಆದವರ ಗಮನಕ್ಕೆ

ಬಳ್ಳಾರಿ ಕೌಲ್ ಬಜಾರಿನ ಒಂದು ಮೆಡಿಕಲ್ ಶಾಪಿನಲ್ಲಿ ನನ್ನ ಕೆಲಸ. ಎದುರಿಗೇ ಒಬ್ಬ ಅಕ್ಕನ ರಾಗಿ ಅಂಬಲಿ ಬಂಡಿ. ಭಾನುವಾರ ಬೆಳಿಗ್ಗೆ ನಮ್ಮಿಬ್ಬರ ಗಿರಾಕಿಗಳೂ ರಾತ್ರಿ ಕುಡಿದವರೇ. ಶನಿವಾರ ಬಟವಾಡೆ ಆದ ಜೀನ್ಸ್ ಹೊಲಿಯುವ ಹುಡುಗರು, ಲಾರಿಯವರು, ಆಗಾಗ ನಾನೂ. ಹ್ಯಾಂಗೋವರ್‌ಗೆ ಮಾತ್ರೆ ಕೇಳಿದರೆ ನಾನು ಬಂಡಿ ಕಡೆ ಕೈ ತೋರಿಸುತ್ತೇನೆ. ನಮ್ಮ ಓನರ್‌ಗೆ ಇದು ಗೊತ್ತಿಲ್ಲ. ಕುಡಿದ ಮರುದಿನ ಪ್ಯಾರಾಸಿಟಮಾಲ್ ಮೇಲೆ ಪ್ಯಾರಾಸಿಟಮಾಲ್ ನುಂಗಿದರೆ ಲಿವರಿಗೇ ಪೆಟ್ಟು, ಅಲ್ವಾ?

ದೊಡ್ಡ ಸ್ಟೀಲ್ ಗ್ಲಾಸ್ ತುಂಬ ಅಂಬಲಿಗೆ 20 ರೂಪಾಯಿ. ರಾತ್ರಿಯೇ ಕಾಯಿಸಿ ಮಡಕೆಯಲ್ಲಿಟ್ಟದ್ದು. ಅದಕ್ಕೆ ಹುಳಿ ಮಜ್ಜಿಗೆ, ಉಪ್ಪು, ಮೇಲೆ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಒಂದು ಗಂಟೂ ಸಿಗುವುದಿಲ್ಲ. ಮುಖ ನೋಡಿದ ಕೂಡಲೇ ಅಕ್ಕನಿಗೆ ಗೊತ್ತಾಗುತ್ತದೆ. "ಉಪ್ಪು ಒಂಚೂರು ಜಾಸ್ತಿ ಹಾಕ್ಲೇನಪ್ಪ?" ಅಷ್ಟೇ ಕೇಳುತ್ತಾರೆ. ಉಪದೇಶ ಇಲ್ಲ.

ಮದ್ಯ ಒಳಗೆ ಹೋದರೆ ಮೈಯಲ್ಲಿ ನೀರು ಹಿಡಿದಿಡುವ ವಾಸೋಪ್ರೆಸಿನ್ ಹಾರ್ಮೋನು ಕಡಿಮೆಯಾಗುತ್ತದೆ. ಕುಡಿದವರು ಪದೇ ಪದೇ ಗೋಡೆ ಹುಡುಕುವುದು ಅದಕ್ಕೇ. ಬೆಳಿಗ್ಗೆ ನಾಲಿಗೆ ಅಂಟು, ಮೇಲೆ ನಮ್ಮೂರ ಬಿಸಿಲು. ಊಟ ಬಿಟ್ಟು ಕುಡಿದವರಿಗೆ ಇನ್ನೊಂದು ತಾಪತ್ರಯ. ಲಿವರ್ ಮದ್ಯದ ಕೆಲಸಕ್ಕೆ ಬಿದ್ದು ರಕ್ತಕ್ಕೆ ಸಕ್ಕರೆ ಒದಗಿಸುವುದು ಕಡಿಮೆ ಮಾಡುತ್ತದೆ. ಸುಸ್ತು, ನಡುಕ. ಅಂಬಲಿಯಲ್ಲಿ ನೀರೂ ಇದೆ, ಉಪ್ಪೂ ಇದೆ, ರಾಗಿಯೂ ಇದೆ. ಅರ್ಧ ಗ್ಲಾಸಿಗೇ ಜೀವ ಬಂದಂತಾಗುತ್ತದೆ.

ಆದರೆ "ಅಂಬಲಿ ಕುಡಿದ್ರೆ ನಿಶೆ ಇಳಿಯುತ್ತೆ" ಅನ್ನೋದು ಸುಳ್ಳು. ಲೆಕ್ಕ ಹಾಕಿ ನೋಡಿ. 180 ಎಂಎಲ್ ಕ್ವಾರ್ಟರ್, ಬಾಟಲಿ ಮೇಲೆ ಶೇ 42.8 ಅಂತ ಬರೆದಿರುತ್ತದೆ. ಅಂದರೆ ಸುಮಾರು 77 ಎಂಎಲ್, ತೂಕದಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಅದೂ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷ ಆಗಿ, ಆಮೇಲೆ ಅದೂ ಒಡೆದು ಹೊರಗೆ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಎತ್ತಿದವನ ರಕ್ತದಲ್ಲಿ ಬೆಳಿಗ್ಗೆ ಆರಕ್ಕೂ ಸ್ವಲ್ಪ ಉಳಿದಿರಬಹುದು. ಅಂಬಲಿ, ನಿಂಬೆಹಣ್ಣು, ತಣ್ಣೀರು ಸ್ನಾನ, ಯಾವುದೂ ಆ ಲೆಕ್ಕ ಬದಲಿಸುವುದಿಲ್ಲ. ಗ್ಲಾಸ್ ಕೆಳಗಿಟ್ಟು ಸೀದಾ ಸ್ಟೀರಿಂಗ್ ಹಿಡಿಯುವ ಲಾರಿಯಣ್ಣಂದಿರಿಗೆ ನಾನು ಇದನ್ನೇ ಹೇಳುತ್ತಿರುತ್ತೇನೆ. ಕೇಳುವವರು ಕಮ್ಮಿ.

ಕೊರತೆಗಳೂ ಇವೆ. ನಂಚಿಕೊಳ್ಳಲು ಕರಿದ ಮಜ್ಜಿಗೆ ಮೆಣಸಿನಕಾಯಿ ಕೊಡುತ್ತಾರೆ. ರುಚಿಯೇನೋ ಅದ್ಭುತ. ಆದರೆ ಮದ್ಯದಿಂದ ಈಗಾಗಲೇ ಉರಿಯುತ್ತಿರುವ ಹೊಟ್ಟೆಗೆ ಅದು ಬೇಡ. ಪಕ್ಕದ ಬಂಡಿಯ ಮಿರ್ಚಿಯೂ ಬೇಡ. ಹತ್ತು ಗಂಟೆಗೆಲ್ಲ ಮಡಕೆ ಖಾಲಿ. ತಡವಾಗಿ ಎದ್ದವರು ಓಆರ್‌ಎಸ್ ಪುಡಿ ತಗೊಳ್ಳಿ. ದೊಡ್ಡ ಪ್ಯಾಕೆಟ್ಟಾದರೆ ಪೂರ್ತಿ ಒಂದು ಲೀಟರ್ ನೀರಿಗೆ, ಒಂದೇ ಗ್ಲಾಸಿಗೆ ಸುರಿಯಬೇಡಿ.

ಗ್ಲಾಸುಗಳನ್ನೆಲ್ಲ ಒಂದೇ ಬಕೆಟ್ಟಿನ ನೀರಲ್ಲಿ ಅದ್ದಿ ಕೊಡುತ್ತಾರೆ, ಅದೊಂದು ಸರಿಯಿಲ್ಲ. ನಾನು ಮನೆಯಿಂದ ತಂಬಿಗೆ ಒಯ್ಯುತ್ತೇನೆ. ಅಕ್ಕ ಬೇಜಾರು ಮಾಡಿಕೊಳ್ಳುವುದಿಲ್ಲ, ಇನ್ನೊಂದು ಸೌಟು ಜಾಸ್ತಿಯೇ ಹಾಕುತ್ತಾರೆ. ಅಂಬಲಿಗೆ ಐದಕ್ಕೆ ನಾಲ್ಕೂವರೆ, ಬಕೆಟ್ಟಿಗೆ ಒಂದು.